ಪ್ಲೇಟು ಯಾರದು?

ದಲಿತ ವಿಮರ್ಶೆ ಕೃತಿಯೊಳಗಿನ ನೋವನ್ನಷ್ಟೇ ಹುಡುಕಿದರೆ ಸಾಲದು. ಅದರ ದುಡ್ಡು ಯಾರ ಜೇಬಿಗೆ ಹೋಯ್ತು ಅಂತಲೂ ಕೇಳಬೇಕು. ಅಮೆರಿಕದ ಕಪ್ಪು ಪಿಯಾನೊ ವಾದಕಿ, ಜಾಝ್ ಸಂಯೋಜಕಿ ಮೇರಿ ಲೂ ವಿಲಿಯಮ್ಸ್ (1910–1981) ಅವರ ಧ್ವನಿಮುದ್ರಿಕೆಗಳನ್ನು ಕೇಳುವಾಗ ನನ್ನನ್ನು ಕಾಡುವ ಪ್ರಶ್ನೆ ಇದೇ.

1930ರಲ್ಲಿ ಶಿಕಾಗೊದಲ್ಲಿ ಆಕೆ ಬ್ರನ್ಸ್‌ವಿಕ್ ಕಂಪನಿಗಾಗಿ 'ನೈಟ್ ಲೈಫ್', 'ಡ್ರ್ಯಾಗ್ ಎಮ್' ಎರಡನ್ನೂ ಒಬ್ಬರೇ ಕೂತು ನುಡಿಸಿದರು. ಪ್ಲೇಟು ಚೆನ್ನಾಗಿಯೇ ಮಾರಾಟವಾಯಿತು. ತನಗೆ ರಾಯಲ್ಟಿ ಬರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಆಂಡಿ ಕರ್ಕ್ ತಂಡಕ್ಕೆ ವರ್ಷಗಟ್ಟಲೆ ಸಂಗೀತ ಬರೆದುಕೊಟ್ಟರು. ಪ್ಲೇಟಿನ ಮೇಲೆ ಎದ್ದು ಕಂಡದ್ದು ತಂಡದ ಯಜಮಾನನ ಹೆಸರು.

1945ರ 'ಝೋಡಿಯಾಕ್ ಸೂಟ್' ಹನ್ನೆರಡು ರಾಶಿಗಳಿಗೆ ಹನ್ನೆರಡು ರಚನೆ. ಕಪ್ಪು ಹೆಣ್ಣೆಂದರೆ ಅಳಲೇಬೇಕು ಅನ್ನುವ ವಿಮರ್ಶಕನಿಗೆ ಇಲ್ಲಿ ಕೆಲಸವಿಲ್ಲ.

1964ರಲ್ಲಿ ತಮ್ಮದೇ 'ಮೇರಿ ರೆಕಾರ್ಡ್ಸ್'ನಿಂದ ಪ್ಲೇಟು ತಂದರು. ಅದರ ಮೊದಲ ರಚನೆ ಪೆರುವಿನ ಸಂತ ಮಾರ್ಟಿನ್ ಡಿ ಪೊರೆಸ್‌ನನ್ನು ಕುರಿತದ್ದು. ಕಪ್ಪು ತಾಯಿಯ ಮಗನೆಂದು ಮಠದಲ್ಲಿ ಪೂರ್ಣ ಸ್ಥಾನಕ್ಕೆ ಕಾನೂನೇ ಅಡ್ಡ ನಿಂತಿತ್ತು, ಆಳಾಗಿ ಒಳಹೊಕ್ಕ. ಚಿತ್ರಗಳಲ್ಲಿ ಇಂದಿಗೂ ಅವನ ಕೈಯಲ್ಲಿ ಪೊರಕೆ. ಚರ್ಚು ಅವನನ್ನು ಸಂತನೆಂದು ಸಾರಿದ್ದು 1962ರಲ್ಲಿ.

ಆ ಪೊರಕೆ ನಮಗೆ ಹೊಸದಲ್ಲ. ಪೊರಕೆ ಹಿಡಿದವರನ್ನು ಹೊಗಳುವ ಹಾಡುಗಳೂ ಹೊಸದಲ್ಲ. ಆದರೆ ಹೊಗಳಿಕೆ ಬೇರೆ, ಒಡೆತನ ಬೇರೆ. ಮೇರಿ ಲೂ ಆ ಹಾಡನ್ನು ಯಾರ ಕೃಪೆಗೂ ಕಾಯದೆ ತನ್ನದೇ ಪ್ಲೇಟಿನಲ್ಲಿ ಹಾಕಿದರಲ್ಲ, ನನಗೆ ಅದೂ ಸಂಗೀತವೇ. ನಮ್ಮ ಕೇರಿಯ ಹಾಡುಗಾರ್ತಿಯರ ಪದಗಳು ಕ್ಯಾಸೆಟ್ಟು, ಸಿಡಿಗಳಿಗೆ ಹೋದದ್ದರ ಬಗ್ಗೆ ಬರೆಯುವಾಗಲೂ ರಾಗ, ರೂಪಕ ಮುಗಿದ ಮೇಲೆ ಈ ಲೆಕ್ಕ ಕೇಳೋಣ.