ಮಡಿಲಿನ ಮರಿ

ಬೈಬಲ್ಲಿನ ಕುರಿಮರಿ ಎಂದೊಡನೆ ನೆನಪಾಗುವುದು ಬಲಿಪೀಠ. ನಿಧಾನವಾಗಿ ಓದಿದವರಿಗೆ ಮಾತ್ರ ಆ ಮರಿ ಮನೆಯೊಳಗೆ, ಮಡಿಲಲ್ಲಿ ಸಿಗುತ್ತದೆ.

ಎರಡನೆಯ ಸಮುವೇಲ, 12ನೆಯ ಅಧ್ಯಾಯ. ದಾವೀದ ಅರಸ ಬತ್ಷೆಬೆಯನ್ನು ತನ್ನವಳಾಗಿಸಿಕೊಂಡು, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯಿಸಿದ್ದಾನೆ. ಪ್ರವಾದಿ ನಾತಾನ ಬಂದವನು ಬೈಯುವುದಿಲ್ಲ, ಕಥೆ ಹೇಳುತ್ತಾನೆ. ಬಡವನೊಬ್ಬನಿಗೆ ಒಂದೇ ಒಂದು ಹೆಣ್ಣುಮರಿ. ಅವನ ತುತ್ತಿನಲ್ಲಿ ತಿಂದು, ಅವನ ಬಟ್ಟಲಲ್ಲಿ ಕುಡಿದು, ಅವನ ಎದೆಗೊರಗಿ ಮಲಗಿ, ಮಗಳ ಹಾಗೆ ಬೆಳೆದದ್ದು. ಸಾಹುಕಾರನ ಮನೆಗೆ ಅತಿಥಿ ಬಂದಾಗ, ಅವನು ತನ್ನ ಹಿಂಡನ್ನು ಮುಟ್ಟದೆ ಈ ಮರಿಯನ್ನೇ ಅಡುಗೆ ಮಾಡಿಸಿದ. ತುತ್ತು, ಬಟ್ಟಲು, ಎದೆ: ಮೂರೇ ವಿವರಗಳಲ್ಲಿ ಒಂದು ಸಂಸಾರ. ಹೀಬ್ರೂವಿನಲ್ಲಿ ಮಗಳಿಗೆ 'ಬತ್' ಎನ್ನುತ್ತಾರೆ. ಬತ್ಷೆಬೆಯ ಹೆಸರು ಶುರುವಾಗುವುದೂ ಅದರಿಂದಲೇ. ಕುರಿ ಕಾಯುತ್ತ ಬೆಳೆದ ದಾವೀದನಿಗೆ ಆ ಸುಳಿವು ಹತ್ತುವುದಿಲ್ಲ. ಅಂಥವನು ಸಾಯಬೇಕು ಎಂದು ಸಿಡಿಯುತ್ತಾನೆ. ಆ ಮನುಷ್ಯ ನೀನೇ ಎನ್ನುತ್ತಾನೆ ನಾತಾನ.

ವಿಮೋಚನಕಾಂಡದ ಪಸ್ಕಹಬ್ಬದ ವಿಧಿಯಲ್ಲೂ ಇದೇ ಸಂಕಟವಿದೆ. ಊನವಿಲ್ಲದ, ಒಂದು ವರ್ಷದ ಗಂಡುಮರಿಯನ್ನು ತಿಂಗಳ 10ನೆಯ ದಿನ ಆರಿಸಬೇಕು. ಕೊಯ್ಯುವುದು 14ನೆಯ ದಿನದ ಸಂಜೆ. ನಡುವಿನ ದಿನಗಳಲ್ಲಿ ಏನಾಯಿತೆಂದು ಗ್ರಂಥ ಹೇಳುವುದಿಲ್ಲ. ಮಕ್ಕಳಿರುವ ಮನೆಯಾದರೆ ಹೇಳಬೇಕಾಗಿಯೂ ಇಲ್ಲ.

ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ, ಏಳು ಮುದ್ರೆಗಳ ಸುರುಳಿಯನ್ನು ಬಿಚ್ಚಬಲ್ಲವರು ಯಾರೂ ಇಲ್ಲವೆಂದು ದರ್ಶನ ಕಾಣುತ್ತಿರುವ ಯೋಹಾನ ಅಳುತ್ತಾನೆ. ಅಳಬೇಡ, ಯೂದ ಕುಲದ ಸಿಂಹ ಗೆದ್ದಿದೆ ಎಂದು ಹಿರಿಯನೊಬ್ಬ ಸಂತೈಸುತ್ತಾನೆ. ಕಿವಿಗೆ ಬಿದ್ದದ್ದು ಸಿಂಹ. ಕಣ್ಣೆತ್ತಿದರೆ ಕಂಡದ್ದು ಮರಿ, ಅದೂ ಕೊಯ್ದ ಗುರುತಿರುವ ಮರಿ, ಎದ್ದು ನಿಂತಿದೆ! ಇಲ್ಲಿನ ಗ್ರೀಕ್ ಪದ 'ಆರ್ನಿಯೋನ್'. ಅದರ ರೂಪದಲ್ಲೇ ಪುಟ್ಟದು ಎಂಬ ಭಾವವಿದೆ. ಇನ್ನೆರಡು ಅಧ್ಯಾಯ ದಾಟಿದರೆ ಇನ್ನೊಂದು ಬೆರಗು: ಆ ಮರಿಯೇ ಕುರುಬನಾಗಿ, ದಣಿದ ಜನರನ್ನು ನೀರಿನ ಒರತೆಗಳ ಬಳಿಗೆ ನಡೆಸುತ್ತದೆ. ಒಂದು ಕಾಲಕ್ಕೆ ಮನುಷ್ಯನ ಬಟ್ಟಲಲ್ಲಿ ಕುಡಿದ ಜೀವ ಈಗ ಮನುಷ್ಯನಿಗೆ ನೀರು ತೋರಿಸುತ್ತಿದೆ.

ಯೇಸುವನ್ನು ದೇವರ ಕುರಿಮರಿ ಎಂದು ಕರೆಯುವ ಮಾತಿನ ತೂಕ ತಿಳಿಯಬೇಕೆಂದರೆ, ಬಲಿಪೀಠದ ಹತ್ತಿರ ಹೋಗುವ ಮುನ್ನ ನಾತಾನನ ಬಡವನ ಮನೆಗೊಮ್ಮೆ ಹೋಗಿ ಬನ್ನಿ.