ಬಹುಜನಕುಟುಂಬದ ಸಚಿತ್ರ ಶಿಶುಪುಸ್ತಕಗಳಲ್ಲಿ ಸಂಬಂಧಿಶಬ್ದಗಳು

ತಾಯಿ, ತಂದೆ, ಅಣ್ಣ ಮೊದಲಾದ ಮಾತುಗಳನ್ನು ವೈಯಾಕರಣರು ಸಂಬಂಧಿಶಬ್ದಗಳೆಂದು ಕರೆದಿರುವರು. ಇಂಥ ಶಬ್ದವು ಕಿವಿಗೆ ಬಿದ್ದೊಡನೆ ‘ಯಾರ?’ ಎಂಬ ಆಕಾಂಕ್ಷೆಯು ತಾನಾಗಿ ಏಳುವುದು; ಬೇರೆ ಸೂಚನೆಯಿಲ್ಲದೆಡೆಯಲ್ಲಿ ಕೇಳಿದವನು ತನ್ನವರೆಂದೇ ತಿಳಿಯುವನು. ತಾಯಿಯ ವಿಷಯದಲ್ಲಿ ಹೀಗೆ ನಡೆಯಬೇಕೆಂದು ವಿಧಿಸುವಲ್ಲಿ ‘ತನ್ನ’ ಎಂಬ ಪದವನ್ನು ಸೇರಿಸಬೇಕಾದುದಿಲ್ಲವೆಂದು ಪತಂಜಲಿಯು ಮಹಾಭಾಷ್ಯದಲ್ಲಿ ತೋರಿಸಿಕೊಟ್ಟಿರುವನು. ವ್ಯಾಕರಣದ ಈ ವಿಚಾರವು ಮಕ್ಕಳ ಚಿತ್ರಪುಸ್ತಕಗಳ ವಿಮರ್ಶೆಗೆ ಒದಗುವುದೆಂದರೆ ಕೆಲವರಿಗೆ ನಗೆ ಬರಬಹುದು. ಆದರೆ ತುಂಬಿದ ಮನೆಯನ್ನು ವಸ್ತುವಾಗಿ ಉಳ್ಳ ಪುಸ್ತಕಗಳ ಗುಣದೋಷಗಳು ಬಹುಮಟ್ಟಿಗೆ ಈ ಒಂದು ಕೀಲಿನ ಮೇಲೆಯೇ ನಿಂತಿರುವುವು.

ಚಿತ್ರಕ್ಕೆ ಷಷ್ಠೀ ವಿಭಕ್ತಿಯಿಲ್ಲ. ಮುದುಕಿಯೊಬ್ಬಳನ್ನು ಅದು ತೋರಿಸಬಲ್ಲುದು. ಆಕೆ ತಂದೆಯ ತಾಯಿಯೋ ತಾಯಿಯ ತಾಯಿಯೋ ಎಂಬುದನ್ನು ಹೇಳಲಾರದು. ಇಬ್ಬರು ಮೂವರಿರುವ ಮನೆಯಲ್ಲಿ ಈ ಕೊರತೆಯು ಬಾಧಕವಾಗದು. ಹದಿನೈದು ಇಪ್ಪತ್ತು ಜನರನ್ನು ಒಂದೇ ಪಡಸಾಲೆಯಲ್ಲಿ ಕುಳ್ಳಿರಿಸಿದಾಗ ಚಿತ್ರವು ಜಾತ್ರೆಯಾಗುವುದು, ಕುಟುಂಬವಾಗುವುದಿಲ್ಲ. ಅನೇಕ ಪುಸ್ತಕಗಳು ಆಗ ಎಣಿಕೆಯನ್ನು ಮೊರೆಹೋಗುವುವು. ಎಣಿಕೆಯಿಂದ ಅಂಕಗಣಿತವು ಬಂದೀತು, ನಂಟು ಬಾರದು. ಮಹಾಭಾರತದ ಆದಿಪರ್ವವು ಧೃತರಾಷ್ಟ್ರನ ನೂರು ಮಕ್ಕಳ ಹೆಸರನ್ನೂ ಹೇಳಿರುವುದು. ಚಿತ್ರಕಾರರ ಕೈಯಲ್ಲಿಯಾದರೋ ದುರ್ಯೋಧನ ದುಶ್ಶಾಸನರಿಬ್ಬರಿಗೆ ಮುಖವುಂಟು, ಉಳಿದವರು ಕಿರೀಟಗಳ ಸಾಲು. ಒಬ್ಬಳೇ ತಂಗಿಯಾದ ದುಶ್ಶಳೆಗೆ ಎಷ್ಟೋ ವೇಳೆ ಆ ಸಾಲಿನಲ್ಲಿಯೂ ಸ್ಥಳವಿಲ್ಲ.

ಇಂಗ್ಲಿಷಿನಲ್ಲಿ ಈ ಬಗೆಯ ಪುಸ್ತಕಗಳು ಹೇರಳವಾಗಿವೆ. ಅವುಗಳಲ್ಲಿ ಎರಡನ್ನು ಪರೀಕ್ಷಿಸಿದರೆ ಸಾಕು. ಸಿಂಥಿಯಾ ರೈಲಂಟ್ ಬರೆದು ಸ್ಟೀಫನ್ ಗ್ಯಾಮೆಲ್ ಚಿತ್ರಿಸಿದ ‘ದಿ ರಿಲೆಟಿವ್ಸ್ ಕೇಮ್’ (1985) ಎಂಬುದರಲ್ಲಿ ವರ್ಜೀನಿಯದಿಂದ ನೆಂಟರು ಹಳೆಯ ಮೋಟಾರಿನಲ್ಲಿ ಬಂದಿಳಿಯುವರು. ಅಪ್ಪುಗೆ, ಊಟ, ನೆಲದ ಮೇಲೆ ಒತ್ತೊತ್ತಾಗಿ ನಿದ್ರೆ. ಮನೆ ತುಂಬ ಉಸಿರಾಟವಿರುವ ಆ ರಾತ್ರಿಯ ವರ್ಣನೆ ಸೊಗಸಾಗಿದೆ. ಆದರೆ ಬಂದವರಲ್ಲಿ ಯಾರು ಯಾರಿಗೆ ಏನಾಗಬೇಕೆಂಬುದು ಕೊನೆಯವರೆಗೂ ತಿಳಿಯದು, ತಿಳಿಯಬೇಕಾದುದೂ ಇಲ್ಲ; ಆ ಭಾಷೆಯ ‘ರಿಲೆಟಿವ್ಸ್’ ಎಂಬ ಪದವೇ ಎಲ್ಲರನ್ನೂ ಒಂದು ಮೂಟೆಯಲ್ಲಿ ಕಟ್ಟಿಬಿಡುವುದು. ಟ್ರಿಶ್ ಕುಕ್ ಬರೆದು ಹೆಲೆನ್ ಆಕ್ಸೆನ್‌ಬರಿ ಚಿತ್ರಿಸಿದ ‘ಸೋ ಮಚ್’ (1994) ಇದಕ್ಕಿಂತ ಮೇಲಾದುದು. ಕೂಸು ತಾಯಿಯೊಡನೆ ಕುಳಿತಿರುವುದು. ಬಾಗಿಲ ಗಂಟೆ ಬಾರಿಸಿದಂತೆಲ್ಲ ಒಬ್ಬೊಬ್ಬರು ಒಳಗೆ ಬರುವರು, ಪ್ರತಿಯೊಬ್ಬರೂ ಕೂಸನ್ನು ತಮ್ಮದೇ ರೀತಿಯಲ್ಲಿ ಎತ್ತಿ ಮುದ್ದಿಸುವರು. ಇಲ್ಲಿ ‘ಯಾರ?’ ಎಂಬ ಪ್ರಶ್ನೆಗೆ ನಡುವೆ ಕುಳಿತ ಕೂಸೇ ಉತ್ತರ.

ಇದನ್ನು ಕನ್ನಡಿಸಹೊರಟವನ ಪಾಡೇನು? ಮೊದಲು ಬರುವವಳು ‘ಆಂಟಿ’. ತಂದೆಯ ಅಕ್ಕತಂಗಿಯಾದರೆ ಬಾಗಲಕೋಟೆಯ ಕಡೆ ಆಕೆ ಅತ್ತಿ. ತಾಯಿಯ ತಂಗಿಯಾದರೆ ಚಿಗವ್ವ, ಅಕ್ಕನಾದರೆ ದೊಡ್ಡವ್ವ. ಕಾಕಾನ ಹೆಂಡತಿಯಾದರೆ ಕಾಕು. ಮೂಲದ ಮಾತು ಇದನ್ನು ಹೇಳದು, ಚಿತ್ರವೂ ಹೇಳದು, ಕನ್ನಡವು ಹೇಳದೆ ಬಿಡದು. ಭಾಷಾಂತರಕಾರನು ಊಹಿಸಿ ಒಂದನ್ನು ಬರೆದರೆ ಮನೆತನವನ್ನೇ ಹೊಸದಾಗಿ ಕಲ್ಪಿಸಿದಂತಾಗುವುದು. ‘ಆಂಟಿ’ ಎಂದೇ ಉಳಿಸಿದರೆ ಕನ್ನಡಿಸಿದಂತಾಗುವುದಿಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಪ್ರಾರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಸ್ಟೋರಿವೀವರ್ ಎಂಬ ಭಂಡಾರವನ್ನು ತೆರೆದಂದಿನಿಂದ, ಒಂದು ಭಾಷೆಗೆಂದು ಬರೆದ ಚಿತ್ರಕ್ಕೆ ಇನ್ನೊಂದು ಭಾಷೆಯ ಮಾತನ್ನು ಯಾರು ಬೇಕಾದರೂ ಕೂಡಿಸಬಹುದಾಗಿದೆ. ಬಡಮಕ್ಕಳ ಕೈಗೂ ಪುಸ್ತಕವು ದೊರೆಯುವಂತಾದುದು ಸ್ತುತ್ಯವೇ. ಆದರೆ ಮೇಲೆ ಹೇಳಿದ ತೊಡಕು ಇದರಿಂದ ನೂರ್ಮಡಿಯಾಗುವುದು.

ಕನ್ನಡದಲ್ಲಿಯೂ ಶಬ್ದಗಳೆಲ್ಲ ಪರಿಪೂರ್ಣವೆಂದು ಬೀಗಬೇಕಾದುದಿಲ್ಲ. ಅಮರಕೋಶದ ಮನುಷ್ಯವರ್ಗವು ಗಂಡನ ಸೋದರಿಗೆ ನನಾಂದೃ, ಗಂಡನ ತಮ್ಮನಿಗೆ ದೇವೃ, ಅಣ್ಣತಮ್ಮಂದಿರ ಹೆಂಡಿರಿಗೆ ಪರಸ್ಪರ ಯಾತೃ ಎಂದು ಬಿಡಿಬಿಡಿಯಾಗಿ ಹೆಸರಿಟ್ಟಿದೆ. ಕನ್ನಡಕ್ಕೂ ನಾದಿನಿ, ಮೈದುನ, ನೆಗೆಣ್ಣಿ ಎಂಬ ಮಾತುಗಳಿವೆ. ಆದರೆ ‘ಅತ್ತಿ’ ಎಂಬ ಒಂದೇ ಪದವು ತಂದೆಯ ಸೋದರಿಗೂ ಸೋದರಮಾವನ ಹೆಂಡತಿಗೂ ಗಂಡನ ತಾಯಿಗೂ ಸಲ್ಲುವುದು. ಇದು ಶಬ್ದದಾರಿದ್ರ್ಯವಲ್ಲ. ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ವರಿಸುವುದನ್ನು ದಾಕ್ಷಿಣಾತ್ಯರ ಆಚಾರವೆಂದು ಬೌಧಾಯನನೇ ಎಣಿಸಿರುವನು. ಆ ಆಚಾರವುಳ್ಳ ಮನೆಯಲ್ಲಿ ಮೂವರು ಅತ್ತಿಯರು ಒಬ್ಬಳೇ ಆಗುವ ಸಂಭವವುಂಟು. ಹೀಗೆ ಶಬ್ದವು ಕೂಡಿಸಿದುದನ್ನು ಚಿತ್ರವು ಬಿಡಿಸಿ ತೋರಿಸಬೇಕಾಗುವುದು.

ಶಬ್ದಗಳಲ್ಲಿ ಪ್ರಾಂತಭೇದವೂ ಉಂಟು. ಹುನಗುಂದ ಇಳಕಲ್ಲುಗಳ ಹಲವು ಮನೆಗಳಲ್ಲಿ ಹೆತ್ತವಳು ಅವ್ವ, ಅಜ್ಜಿಯು ಅಮ್ಮ, ಅಜ್ಜನು ಮುತ್ಯಾ. ತೆಂಕಣ ಕನ್ನಡದ ರೂಢಿಯಂತೆ ಎಳೆಯ ತಾಯಿಯ ಚಿತ್ರದ ಕೆಳಗೆ ‘ಅಮ್ಮ’ ಎಂದು ಅಚ್ಚಾದ ಪುಟವನ್ನು ಆ ಮನೆಯ ಕೂಸಿನ ಮುಂದೆ ಹಿಡಿದರೆ, ಕೂದಲು ನರೆಯದ ಈ ಹೆಂಗಸು ಅಮ್ಮನು ಹೇಗಾದಳೆಂದು ಅದು ಕೇಳದಿರದು. ತಪ್ಪು ಕೂಸಿನದಲ್ಲ.

ಶಿಶುಗಳಿಗೆ ಇಷ್ಟು ಸೂಕ್ಷ್ಮತೆ ಏತಕ್ಕೆ, ಬಣ್ಣವೂ ನಗೆಯೂ ಇದ್ದರೆ ಸಾಲದೆ ಎಂಬುದು ಪೂರ್ವಪಕ್ಷ. ಬೇರೆ ವಿಷಯಗಳಲ್ಲಿ ಈ ಮಾತು ಸಲ್ಲಬಹುದು. ಸಂಬಂಧಿಶಬ್ದಗಳಾದರೋ ಮಗು ಮೊತ್ತಮೊದಲು ಕಲಿಯುವ ಶಬ್ದಗಳು. ಅವುಗಳನ್ನು ಕಲಿಸುತ್ತಿದ್ದ ಮನೆಗಳು ಈಗ ಒಡೆಯುತ್ತಲಿವೆ. ಹಳೆಯ ಬಾಗಲಕೋಟೆಯ ಭಾಗವು ಆಲಮಟ್ಟಿಯ ಹಿನ್ನೀರಿನ ಪಾಲಾಗಿ ನವನಗರವು ಹುಟ್ಟಿತು. ನಿವೇಶನಗಳ ಅಳತೆಗೆ ಕಟ್ಟಿದ ಮನೆಗಳಲ್ಲಿ ಗ್ವಾದಲಿ, ಪಡಸಾಲೆ, ಹಿತ್ತಲುಗಳೊಡನೆ ನಾಲ್ಕು ಜನ ನೆಗೆಣ್ಣಿಯರಿಗೆ ಎಡೆಯೆಲ್ಲಿ? ನೆಗೆಣ್ಣಿಯೆಂಬ ಮಾತನ್ನು ಮನೆಯಲ್ಲಿ ಕೇಳದ ಮಗುವಿಗೆ ಪುಸ್ತಕವೂ ಅದನ್ನು ಹೇಳದಿದ್ದರೆ ಆ ಮಾತು ಅಲ್ಲಿಗೇ ನಿಂತಿತು.

ಚಿತ್ರಕ್ಕೆ ಷಷ್ಠಿಯಿಲ್ಲವೆಂದು ಹೇಳಿತಷ್ಟೆ. ಆದರೆ ಅದಕ್ಕೆ ಕಾರಕಗಳುಂಟು. ಯಾರು ಯಾರಿಗೆ ಏನನ್ನು ಮಾಡುವರೆಂಬುದನ್ನು ಅದು ಚೆನ್ನಾಗಿ ತೋರಿಸಬಲ್ಲುದು. ಈ ಉಪಾಯವನ್ನು ಅರಿತವರು ಬಾದಾಮಿಯ ಶಿಲ್ಪಿಗಳು. ಶಕ 500, ಎಂದರೆ 578ರ ಮಂಗಲೇಶನ ಶಾಸನವುಳ್ಳ ಮೂರನೆಯ ಗುಹೆಯಲ್ಲಿಯೂ, ಎರಡನೆಯದರಲ್ಲಿಯೂ, ಮೇಲಣ ಪಟ್ಟಿಕೆಗಳಲ್ಲಿ ಕೃಷ್ಣಚರಿತೆಯ ಪ್ರಸಂಗಗಳು ಸಾಲಾಗಿ ಕೆತ್ತಲ್ಪಟ್ಟಿವೆ. ಅಕ್ಷರವಿಲ್ಲ, ಹೆಸರಿಲ್ಲ, ಒಬ್ಬನೇ ಬಾಲಕನು ಮತ್ತೆ ಮತ್ತೆ ಬರುವನು, ಉಳಿದವರ ಗುರುತು ಅವನೊಡನೆ ಅವರು ನಡೆಯಿಸುವ ಕ್ರಿಯೆಯಿಂದ ಹತ್ತುವುದು. ಹುನಗುಂದ ತಾಲೂಕಿನ ಐಹೊಳೆಯ ರಾವಣಫಡಿಯಲ್ಲಿ ಹತ್ತು ಕೈಗಳ ಶಿವನು ಕುಣಿಯುತ್ತಿರಲು ಪಾರ್ವತಿ, ಸ್ಕಂದ, ಸಪ್ತಮಾತೃಕೆಯರು ಸುತ್ತ ನೆರೆದಿರುವರು. ಶಿವನ ಕಾಲ ಬಳಿ ಪುಟ್ಟ ಗಣಪತಿ. ಇಷ್ಟು ಜನರಿದ್ದರೂ ಅದು ಸಂತೆಯೆನಿಸದು, ಎಲ್ಲರೂ ಒಂದೇ ಕುಣಿತಕ್ಕೆ ಸೇರಿದವರಾದುದರಿಂದ.

ಈ ಪ್ರಾಂತದಲ್ಲಿ ಅಂಥ ಕ್ರಿಯೆಗಳಿಗೆ ಬರವಿಲ್ಲ. ತೊಟ್ಟಿಲಲ್ಲಿ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರುವವಳು ತಂದೆಯ ಸೋದರಿಯಾದ ಅತ್ತಿ. ಆಗ ಉಳಿದ ಹೆಂಗಸರು ಆಕೆಯ ಬೆನ್ನನ್ನು ಗುದ್ದಿ ನಗುವರು. ಜವಳದ ದಿನ ಕೂಸು ಕೂರುವುದು ಸೋದರಮಾವನ ತೊಡೆಯ ಮೇಲೆ. ಈ ಎರಡು ಪುಟಗಳನ್ನು ನೋಡಿದ ಮಗುವಿಗೆ ಅತ್ತಿಯೂ ಮಾವನೂ ಯಾರೆಂದು ಬೇರೆ ಹೇಳಬೇಕೆ?

ಚಿತ್ರಕಾರರು ವೇಷದಿಂದಲೇ ಪ್ರಾಂತವನ್ನು ಸೂಚಿಸಿ ತೃಪ್ತರಾಗುವುದೂ ಉಂಟು: ಎಲ್ಲ ಹೆಂಗಸರಿಗೂ ಇಳಕಲ್ ಸೀರೆ, ಕೆಂಪು ಸೆರಗು, ಗುಳೇದಗುಡ್ಡದ ಖಣದ ಕುಪ್ಪಸ. ಊರು ತಿಳಿಯಿತು, ಜನ ತಿಳಿಯಲಿಲ್ಲ. ಆ ನೇಯ್ಗೆಯಲ್ಲಿಯೇ ಗೋಮಿ, ಚಿಕ್ಕಿ ಪರಾಸ, ಗಾಡಿ ಎಂದು ದಡಿಗಳು ಬೇರೆ ಬೇರೆ; ಸೆರಗಿನಲ್ಲಿ ಹಣಿಗೆ, ತೋಪುತೆನೆ ಎಂದು ವಿನ್ಯಾಸಗಳೂ ಬೇರೆ. ಒಬ್ಬೊಬ್ಬಳಿಗೆ ಒಂದೊಂದು ದಡಿಯನ್ನು ಗೊತ್ತುಮಾಡಿ ಪುಟದಿಂದ ಪುಟಕ್ಕೆ ಅದನ್ನೇ ಉಳಿಸಿಕೊಂಡರೆ, ಬೆನ್ನು ತಿರುಗಿಸಿ ಕುಳಿತವಳನ್ನೂ ಮಗು ಗುರುತಿಸುವುದು.

ನಾಗರ ಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವರು. ಅಣ್ಣನು ಕರೆಯಹೋಗುವನು, ಉಂಡಿಗಳನ್ನು ಕಟ್ಟುವರು, ಮರಕ್ಕೆ ಜೋಕಾಲಿ ಬೀಳುವುದು. ರೈಲಂಟರ ಪುಸ್ತಕದ ನೆಂಟರಿಗಿಂತ ಇವರ ಬರವು ಕಡಮೆ ಸಂಭ್ರಮದ್ದಲ್ಲ; ಬರುವವಳು ಒಬ್ಬರಿಗೆ ಮಗಳು, ಒಬ್ಬರಿಗೆ ತಂಗಿ, ಒಬ್ಬರಿಗೆ ನಾದಿನಿ, ಬಾಗಿಲಲ್ಲಿ ನಿಂತ ಕೂಸಿಗೆ ಅತ್ತಿ. ಇದನ್ನು ಭಾಷಾಂತರಿಸಿ ಪಡೆಯಲಾಗದು. ಬರೆಯುವವನೂ ಚಿತ್ರಿಸುವವನೂ ಮೊದಲ ಪುಟದಿಂದಲೇ ಕೂಡಿ ಕುಳಿತು, ಕೂಸನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಪ್ರಾರಂಭಿಸಬೇಕು.