ಕಡ ತಂದ ಭಾರ

ಮೂಡಲಗಿ ಕಡೆಯ ಎರೆಹೊಲದಲ್ಲಿ ಆಳದ ನೇಗಿಲು ಹೂಡುವ ಮೊದಲು ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಗಾಲಿಗಳಿಗೆ ನೀರು ತುಂಬಿಸುವುದುಂಟು. ಗಾಳಿ ಇರಬೇಕಾದ ಜಾಗದಲ್ಲಿ ನೀರು. ಗೋಕಾಕ, ಹುಕ್ಕೇರಿಯ ರೈತರಿಗೂ ಇದು ಹೊಸ ವಿದ್ಯೆಯಲ್ಲ. ಅವರಿಗೆ ಇದು ಗ್ರೀಸ್ ಹಾಕಿದಷ್ಟೇ ಮಾಮೂಲು ಕೆಲಸ. ನನಗೆ ಮಾತ್ರ ನಮ್ಮ ಸೀಮೆಯಲ್ಲಿ ಕೈಯಿಂದ ನಡೆಯುವ ಅತ್ಯಂತ ಸೊಗಸಾದ ಕೆಲಸಗಳಲ್ಲಿ ಇದೂ ಒಂದು.

ಅಚ್ಚಿನಡಿ ಜಾಕ್ ಕೊಟ್ಟು ಗಾಲಿಯನ್ನು ನೆಲದಿಂದ ತುಸುವೇ ಎತ್ತುತ್ತಾರೆ. ಕೈಯಿಂದ ಮೆಲ್ಲಗೆ ತಿರುಗಿಸಿ, ವಾಲ್ವ್ ನೆತ್ತಿಗೆ ಬಂದಾಗ ನಿಲ್ಲಿಸುತ್ತಾರೆ. ವಾಲ್ವಿನೊಳಗಿನ ಪಿನ್ ಬಿಚ್ಚಿದರೆ ಟ್ಯೂಬಿನ ಗಾಳಿ ಬುಸ್ಸೆಂದು ಹೊರಬೀಳುತ್ತದೆ. ಆಮೇಲೆ ಪಂಪಿನ ಪೈಪನ್ನು ಆ ಬಾಯಿಗೆ ಹಚ್ಚುತ್ತಾರೆ. ಸ್ವಲ್ಪ ಹೊತ್ತು ನೀರು ಸಲೀಸಾಗಿ ಒಳಗೆ ಹೋಗುತ್ತದೆ, ಬರಬರುತ್ತ ನಿಂತೇಬಿಡುತ್ತದೆ. ಒಳಗೆ ಉಳಿದ ಗಾಳಿ ಒತ್ತಿಕೊಂಡು ಎದುರು ನಿಂತಿರುತ್ತದೆ. ಆಗ ಪೈಪು ತೆಗೆದು ಗಾಳಿಗೆ ದಾರಿ ಬಿಡಬೇಕು, ಮತ್ತೆ ಹಚ್ಚಬೇಕು. ಪಕ್ಕದಲ್ಲಿ ಗಾಳಿ ಹೋಗಲು ಸಣ್ಣ ಕಿಂಡಿಯಿರುವ ನಳಿಕೆ ಸಿಗುತ್ತದೆ. ಅದಿದ್ದರೆ ನೀರು ಒಳಗೂ ಗಾಳಿ ಹೊರಗೂ ಒಟ್ಟಿಗೇ ನಡೆಯುತ್ತವೆ. ಅನುಭವಸ್ಥರು ನಡುನಡುವೆ ಪಾನಾದಿಂದ ಟೈರನ್ನು ತಟ್ಟಿ ನೋಡುತ್ತಾರೆ. ನೀರು ಬಂದಲ್ಲಿಯವರೆಗೆ ಮಂದ ಸದ್ದು, ಅದರ ಮೇಲೆ ಟೊಳ್ಳು ಸದ್ದು.

ಎಷ್ಟು ತುಂಬಬೇಕು ಎಂಬುದಕ್ಕೆ ಉತ್ತರ ಗಾಲಿಯಲ್ಲೇ ಇದೆ, ನನ್ನ ಮನಸ್ಸು ಸೋತದ್ದೂ ಅಲ್ಲಿಯೇ. ವಾಲ್ವ್ ಇರುವುದು ಟೈರಿನ ಒಳಸುತ್ತಿನಲ್ಲಿ, ಡಿಸ್ಕಿನ ಅಂಚಿಗೆ. ಅದನ್ನು ನೆತ್ತಿಗೆ ತಂದು ನಿಲ್ಲಿಸಿದಾಗ ಅದರ ಮಟ್ಟದ ಕೆಳಗೆ ಬರುವ ಜಾಗ ಇಡೀ ಟೈರಿನ ಸುಮಾರು ಮುಕ್ಕಾಲು ಪಾಲು. ನೀರು ಆ ಮಟ್ಟ ಮುಟ್ಟಿದ ಕೂಡಲೇ ವಾಲ್ವಿನಿಂದ ಹೊರಗೆ ಚಿಮ್ಮುತ್ತದೆ. ಬೇಕಾದ್ದೂ ಮುಕ್ಕಾಲೇ! ಉಳಿದ ಕಾಲು ಭಾಗದಲ್ಲಿ ಗಾಳಿ ಇರಲೇಬೇಕು. ನೀರು ಒತ್ತಿದರೆ ಕುಗ್ಗುವುದಿಲ್ಲ; ಪೂರ್ತಿ ನೀರೇ ತುಂಬಿದ ಟೈರು ಕಲ್ಲು ಎಡವಿದಾಗ ಬಗ್ಗದೆ ಪೆಟ್ಟನ್ನೆಲ್ಲ ತಾನೇ ತಿನ್ನುತ್ತದೆ. ಅಳತೆಯ ಪಾತ್ರೆ ಬೇಡ, ಮೀಟರು ಬೇಡ. ತೂತು ಇರುವ ಎತ್ತರವೇ ಅಳತೆ. ಆಮೇಲೆ ಪಿನ್ ಕೂರಿಸಿ, ಮೇಲೆ ಉಳಿದ ಜಾಗಕ್ಕೆ ಗಾಳಿ ಹೊಡೆದು ಒತ್ತಡ ಸರಿಮಾಡಿದರೆ ಮುಗಿಯಿತು. ನೀರು ತೆಗೆಯಬೇಕಾದಾಗ ಗಾಲಿಯನ್ನು ಅರ್ಧ ಸುತ್ತು ತಿರುಗಿಸಿ ಅದೇ ವಾಲ್ವನ್ನು ಕೆಳಗೆ ತರುತ್ತಾರೆ. ಮೇಲಿದ್ದಾಗ ಬಾಯಿ, ಕೆಳಗೆ ಬಂದಾಗ ತೂಬು.

13.6-28 ಅಳತೆಯ ಟೈರಿಗೆ ಹೀಗೆ ಸುಮಾರು 200 ಲೀಟರ್ ಹಿಡಿಯುತ್ತದೆ. ಎರಡು ಗಾಲಿಗೆ 400 ಲೀಟರ್, ಅಂದರೆ 400 ಕಿಲೋ. ನಮ್ಮಲ್ಲಿ ಓಡಾಡುವ 45 ಅಶ್ವಶಕ್ತಿಯ ಟ್ರ್ಯಾಕ್ಟರಿನ ತೂಕ ಎರಡು ಟನ್ನಿನ ಆಸುಪಾಸು. ಅದಕ್ಕೆ ಐದನೇ ಒಂದು ಪಾಲು ಭಾರ ಬಾವಿಯಿಂದ ಬಂದು ಸೇರಿತು. ಅಷ್ಟೇ ತೂಕದ ಬೀಡುಕಬ್ಬಿಣ ತರಬೇಕೆಂದರೆ ದುಡ್ಡು ಸುರಿಯಬೇಕು. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಟ್ಯೂಬು ಹರಿದೀತೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಆಮೇಲೆ ಆ ಉಪ್ಪು ಡಿಸ್ಕಿಗೆ ತುಕ್ಕು ಹಿಡಿಸುತ್ತದೆಂಬ ಚಿಂತೆ ಬೇರೆ. ಘಟಪ್ರಭೆಯ ದಂಡೆಯ ಚಳಿಗೆ ಬರೀ ನೀರು ಸಾಕು.

ಎಂಜಿನ್ನಿನಲ್ಲಿ ಎಷ್ಟೇ ಬಲವಿರಲಿ, ಗಾಲಿ ನೆಲವನ್ನು ಒತ್ತಿ ಹಿಡಿದಷ್ಟೇ ಅದು ಮಣ್ಣಿಗೆ ದಾಟುತ್ತದೆ. ಭಾರ ಸಾಲದಿದ್ದರೆ ಗಾಲಿ ನಿಂತಲ್ಲೇ ಸುತ್ತುತ್ತದೆ, ಮಣ್ಣು ಹಿಂದಕ್ಕೆ ಹಾರುತ್ತದೆ, ಡೀಸೆಲ್ ಸುಡುತ್ತದೆ, ನೇಗಿಲು ಮುಂದೆ ಸಾಗುವುದಿಲ್ಲ. ಹಾಗೆಂದು ಸ್ವಲ್ಪವೂ ಜಾರದಷ್ಟು ಭಾರ ಹೇರುವುದೂ ಜಾಣತನವಲ್ಲ. ಹೊಲದಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಜಾರುವಿಕೆ ಇರುವುದು ಒಳ್ಳೆಯದೆಂದು ಕೃಷಿ ಎಂಜಿನಿಯರುಗಳು ಹೇಳುತ್ತಾರೆ. ಅದಕ್ಕಿಂತ ಬಿಗಿಯಾದರೆ ಬೇಡದ ತೂಕವನ್ನು ಹೊತ್ತು ತಿರುಗಿದಂತಾಗುತ್ತದೆ, ಮೇಲಾಗಿ ಎರೆಮಣ್ಣು ತುಳಿತಕ್ಕೆ ಸಿಕ್ಕು ಗಟ್ಟಿಯಾಗುತ್ತದೆ. ನೀರಿನ ಭಾರಕ್ಕೆ ಇನ್ನೊಂದು ಗುಣವಿದೆ. ಅದು ಅಚ್ಚಿನ ಮೇಲೆ, ಬೇರಿಂಗಿನ ಮೇಲೆ ಕೂರುವುದಿಲ್ಲ. ಟೈರಿನೊಳಗೇ ಇದ್ದು ನೇರ ನೆಲವನ್ನು ಒತ್ತುತ್ತದೆ. ಎಲ್ಲಿ ಬೇಕೋ ಅಲ್ಲಿಗೇ ತಲುಪುವ ಇಂಥ ತೂಕ ಯಂತ್ರಗಳ ಲೋಕದಲ್ಲಿ ಅಪರೂಪ.

ಅಮೆರಿಕದ ಸರೋವರಗಳಲ್ಲಿ ಇದರದೇ ಒಡಹುಟ್ಟು ಕಾಣಸಿಗುತ್ತದೆ. ಮೋಟಾರು ದೋಣಿಗೆ ಹಗ್ಗ ಕಟ್ಟಿ, ಹಲಗೆಯ ಮೇಲೆ ನಿಂತು, ದೋಣಿ ಎಬ್ಬಿಸಿದ ಅಲೆಯ ಮೇಲಿಂದ ನೆಗೆಯುವ ವೇಕ್‌ಬೋರ್ಡಿಂಗ್ ಎಂಬ ಆಟ ಅಲ್ಲಿದೆ. ಅಲೆ ದೊಡ್ಡದಾಗಬೇಕಾದರೆ ದೋಣಿ ನೀರಿನಲ್ಲಿ ಆಳಕ್ಕೆ ಕೂರಬೇಕು. ಅದಕ್ಕೆ ಸೀಟುಗಳ ಕೆಳಗೆ ದಪ್ಪ ಚೀಲಗಳನ್ನಿಟ್ಟು, ದೋಣಿಯ ತಳದಲ್ಲಿ ತೂತು ಕೊರೆದು, ಕಾಕ್ ಕೂರಿಸಿ, ಪಂಪಿಗೂ ಚೀಲಕ್ಕೂ ಪೈಪು ಎಳೆಯುತ್ತಾರೆ. ತೇಲುವ ವಸ್ತುವಿಗೆ ತಳದಲ್ಲೇ ತೂತು ಕೊರೆಯಲು ಎದೆಗಾರಿಕೆ ಬೇಕು. ಆ ತೂತಿನ ಅಂಚಿಗೆ ಸೀಲಂಟ್ ಬಳಿದು ನಟ್ಟು ಬಿಗಿಯುವ ಕೈ ಅವಸರಪಡುವಂತಿಲ್ಲ. ಪೈಪು ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಲ್ಲುತ್ತದೆ. ಚೀಲದ ನೆತ್ತಿಯಿಂದ ಇನ್ನೊಂದು ಪೈಪು ಹೊರಟು, ದೋಣಿಯ ಬದಿಯಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ಬಾಯಿ ತೆರೆಯುತ್ತದೆ. ಮೊದಲು ಗಾಳಿ ಹೋಗುವುದು ಅಲ್ಲಿಂದ. ಚೀಲ ತುಂಬಿದಾಗ ನೀರು ಚಿಮ್ಮುವುದೂ ಅಲ್ಲಿಂದಲೇ. ಗಂಟೆಗೆ 3,000 ಲೀಟರ್ ಎತ್ತುವ ಸಣ್ಣ ಪಂಪು 500 ಲೀಟರಿನ ಚೀಲವನ್ನು ಹತ್ತು ನಿಮಿಷದಲ್ಲಿ ತುಂಬುತ್ತದೆ. ಆಟ ಮುಗಿದ ಮೇಲೆ ಆ ಅರ್ಧ ಟನ್ನೂ ಅದೇ ಸರೋವರಕ್ಕೆ ವಾಪಸು. ದೋಣಿ ಹಗುರಾಗಿ ದಡಕ್ಕೆ ಬರುತ್ತದೆ.

ಮೂಡಲಗಿಯ ಗಾಲಿಯಲ್ಲೂ ಆ ದೋಣಿಯಲ್ಲೂ ನಡೆಯುವುದು ಒಂದೇ ವ್ಯವಹಾರ. ನೀರಿನಿಂದ ಅದರ ತಂಪನ್ನು ಕೇಳಲಿಲ್ಲ, ದಾಹ ತೀರಿಸೆಂದು ಕೇಳಲಿಲ್ಲ. ತೂಕವೊಂದನ್ನೇ ಕಡ ಪಡೆದು, ಕೆಲಸ ಮುಗಿಸಿ, ಹನಿ ಕಡಿಮೆಯಾಗದಂತೆ ತಿರುಗಿ ಕೊಟ್ಟರು. ಭಾರ ಬೇಕಾದಾಗ ಮಾತ್ರ ಭಾರವಾಗಿ, ಬೇಡವಾದಾಗ ಹರಿದುಹೋಗುವ ವಸ್ತು ನೀರಲ್ಲದೆ ಬೇರೆ ಯಾವುದಿದೆ?

ಈ ವ್ಯವಹಾರವನ್ನು ನಮ್ಮ ಜಿಲ್ಲೆ ಬಹಳ ಹಿಂದೆಯೇ, ಬಹಳ ದೊಡ್ಡ ಪ್ರಮಾಣದಲ್ಲಿ ಮಾಡಿದೆ. ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ತೂಗುಸೇತುವೆಯ ಮೇಲೆ ನಿಂತವರ ಕಣ್ಣೆಲ್ಲ ಕುದುರೆಲಾಳದಂತೆ ಬಾಗಿದ ಆ ಬಂಡೆಯ ಅಂಚಿನ ಮೇಲೆ, ಮಳೆಗಾಲದ ಕೆನ್ನೀರಿನ ಮೇಲೆ. ನನ್ನ ಕಣ್ಣು ಹುಡುಕುವುದು ದಂಡೆಯ ಮಗ್ಗುಲಲ್ಲಿ ಕೊಳವೆಯೊಳಗೆ ಸದ್ದಿಲ್ಲದೆ ಇಳಿಯುವ ನೀರನ್ನು. 1885ರಲ್ಲಿ ಸ್ಥಾಪನೆಯಾಗಿ 1887ರಲ್ಲಿ ನೂಲು ತೆಗೆಯಲು ಶುರುಮಾಡಿದ ಗೋಕಾಕ ಮಿಲ್ಸ್ ಇಲ್ಲಿಗೆ ಬಂದದ್ದೇ ಈ ಇಳಿತವನ್ನು ನೆಚ್ಚಿಕೊಂಡು. ಜಲಪಾತದ ಮೇಲ್ಗಡೆಯೇ ನದಿಯ ಒಂದಿಷ್ಟು ನೀರನ್ನು ತಿರುಗಿಸಿ, ಬಂಡೆಯ ಬುಡಕ್ಕೆ ಕೊಳವೆಯಲ್ಲಿ ಇಳಿಸಿ, ಟರ್ಬೈನ್ ತಿರುಗಿಸಿ, ಮತ್ತೆ ಅದೇ ನದಿಗೆ ಬಿಟ್ಟರು. ಸೆಕೆಂಡಿಗೆ ಒಂದು ಟನ್ ನೀರು 52 ಮೀಟರ್ ಇಳಿದರೆ ಸುಮಾರು 510 ಕಿಲೋವಾಟ್ ಶಕ್ತಿ. ಯಂತ್ರಗಳ ತಿಕ್ಕಾಟದಲ್ಲಿ ಕಳೆದದ್ದು ಹೋಗಿ ಉಳಿದದ್ದು ಕದಿರುಗಳಿಗೆ. ಅಷ್ಟೆತ್ತರದ ನೀರಿನ ಕಂಬದ ತಳದಲ್ಲಿ ಒತ್ತಡ ಗಾಳಿಯ ಒತ್ತಡಕ್ಕಿಂತ ಐದು ಪಟ್ಟು ಹೆಚ್ಚು. ಕೆಳಗೆ ನದಿಗೆ ಮರಳುವಾಗ ನೀರು ಒಂದು ಲೋಟದಷ್ಟೂ ಕಡಿಮೆಯಾಗಿರುವುದಿಲ್ಲ. ಕಳೆದುಕೊಂಡದ್ದು ಎತ್ತರವನ್ನು ಮಾತ್ರ.

ಒತ್ತಡಕ್ಕೆ ದಾರಿ ಬಿಡಬೇಕೆಂಬ ಪಾಠವೂ ನಮಗೆ ಹಳೆಯದೇ. ವಿಜಯಪುರಕ್ಕೆ ನೆಲದಡಿಯ ಕೊಳವೆಗಳಲ್ಲಿ ನೀರು ತಂದ ಆದಿಲಶಾಹಿ ಕುಶಲಿಗಳು ದಾರಿಯುದ್ದಕ್ಕೂ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ಕಟ್ಟಿದರು. ಕೊಳವೆಯ ನೀರು ಅವುಗಳೊಳಗೆ ಏರಿ, ಒತ್ತಡ ಇಳಿಸಿಕೊಂಡು, ಹೂಳು ಬಿಟ್ಟು ಮುಂದೆ ಸಾಗುತ್ತಿತ್ತು. ಹುಕ್ಕೇರಿಯೂ ಅದೇ ಅರಸರ ಆಳ್ವಿಕೆಯಲ್ಲಿದ್ದ ಊರು. ಅಲ್ಲಿಗೆ ಹೋದವರು ಆ ಕಾಲದ ಗುಂಬಜ್‌ಗಳನ್ನು ನೋಡಿ ಬರುತ್ತಾರೆ. ನೆಲದ ಮೇಲೆ ಎದ್ದ ಗುಮ್ಮಟದಷ್ಟೇ ನೆಲದೊಳಗೆ ಹೂತ ಕೊಳವೆಯನ್ನೂ ನೋಡಲು ಬರುವಂತಿದ್ದರೆ ಆ ಕಾಲದ ಕೈಚಳಕ ನಮಗೆ ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು.

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ತುಂಬಿದಾಗ 51 ಟಿಎಂಸಿ ಎಂದು ಪತ್ರಿಕೆಗಳು ಬರೆಯುತ್ತವೆ. ಅದನ್ನು ತೂಕಕ್ಕೆ ತಿರುಗಿಸಿದರೆ ಸುಮಾರು 144 ಕೋಟಿ ಟನ್! ಆ ಭಾರ ಹದ್ದು ಮೀರಿ ಬಂದರೆ ಏನಾಗುತ್ತದೆಂದು 2019ರ ಆಗಸ್ಟ್‌ನ ನೆರೆಯಲ್ಲಿ ಗೋಕಾಕ ಕಂಡಿದೆ. ಹದವರಿತು ಬಿಟ್ಟಾಗ ಅದೇ ನೀರು ಧೂಪದಾಳದ ಒಡ್ಡಿನಿಂದ ಕಾಲುವೆ ಹಿಡಿದು ಹೊಲಗಳಿಗೆ ಹೋಗುತ್ತದೆ. ಅಲ್ಲಿ ವ್ಯವಹಾರ ಬದಲಾಗುತ್ತದೆ, ಯಾಕೆಂದರೆ ಕಬ್ಬು ಕಡ ತಂದ ನೀರನ್ನು ತಿರುಗಿ ಕೊಡುವುದಿಲ್ಲ. ಕಡಿದ ಕಬ್ಬಿನ ತೂಕದಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರೇ. ರೈತನಿಗೆ ದುಡ್ಡು ಸಿಗುವುದು ಟನ್ನಿನ ಲೆಕ್ಕದಲ್ಲಿ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ಕೂತದ್ದೂ ಟನ್ನಿಗೆ 3,500 ರೂಪಾಯಿ ಬೇಕೆಂದು. ಹೀಗಾಗಿ ಕಬ್ಬಿನೊಳಗಿನ ನೀರಿನ ತೂಕದ ಮೇಲೆ ಇಲ್ಲಿಯವರ ಕಣ್ಣು ಸದಾ ನೆಟ್ಟಿರುತ್ತದೆ. ಗ್ಯಾಂಗಿನವರು ಕಡಿದು ಟ್ರಾಲಿಗೆ ಹೇರಿದ ಗಳಿಗೆಯಿಂದಲೇ ಕಬ್ಬು ಒಣಗತೊಡಗುತ್ತದೆ. ಕಾರ್ಖಾನೆಯ ಮುಂದೆ ಪಾಳಿ ಉದ್ದವಾಗಿ, ಬಿಸಿಲಿನಲ್ಲಿ ಒಂದು ದಿನ ನಿಂತರೆ ಕಾಟಾದ ಮೇಲೆ ಅದು ಗೊತ್ತಾಗುತ್ತದೆ. ಅದಕ್ಕೇ ಜಾಣ ರೈತರು ಪಾಳಿಯ ಚೀಟಿ ಕೈಗೆ ಬರುವವರೆಗೆ ಕುಡುಗೋಲು ಹಾಕಿಸುವುದಿಲ್ಲ.